ಸಾಹುಕಾರರ ಇಲಿಗೆ ಕೊಬ್ಬು ಕರಗಿಸುವ ಇಂಜೆಕ್ಷನ್

ಔಷಧಿ ಅಂಗಡಿಗೆ ಜನ ಔಷಧಿ ಕೇಳಲಿಕ್ಕೆ ಬರುತ್ತಾರೆ ಅಂತ ನಾನೂ ಮೊದಮೊದಲು ತಿಳಿದಿದ್ದೆ. ಹಾಗೇನಿಲ್ಲ. ಅವರು ವಾದ ಮಾಡಲಿಕ್ಕೆ ಬರುತ್ತಾರೆ. ಬಂದದ್ದಕ್ಕೆ ಕೈ ಖಾಲಿ ಹೋಗಬಾರದು ಅಂತ ಒಂದು ತಲೆನೋವಿನ ಗುಳಿಗೆ ಒಯ್ಯುತ್ತಾರೆ. ಅಷ್ಟೊತ್ತಿಗೆ ಆ ಗುಳಿಗೆ ಬೇಕಾಗಿರುವುದು ನನಗೆ. ಕೊಟ್ಟೂರಿನ ಬಜಾರದಲ್ಲಿ ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ಶಟರ್ ಎತ್ತುತ್ತೇನೆ, ದಿನಾ ಒಂದಿಲ್ಲೊಂದು ನಡೆಯುತ್ತದೆ. ಬೇಡಪ್ಪಾ ಅಂದರೂ ನಡೆಯುತ್ತದೆ. ಅದರಲ್ಲಿ ಈ ಕೊಬ್ಬು ಕರಗಿಸುವ ಇಂಜೆಕ್ಷನ್ನಿನ ಗದ್ದಲ ಇದೆಯಲ್ಲ, ಅದು ನನ್ನ ಆಯುಷ್ಯದಲ್ಲಿ ಎರಡು ವರ್ಷ ತಿಂದು ಹೋಯಿತು. ಮೊಬೈಲು ಆಗಷ್ಟೇ ಎಲ್ಲರ ಜೇಬಿಗೆ ಬರುತ್ತಿದ್ದ ಕಾಲ ಅದು.

೧. ಇಲಿಗೆ ಬಂದದ್ದು

ಒಂದು ಭಾನುವಾರ ಪೇಪರಿನ ಒಳಪುಟದಲ್ಲಿ ಅಂಗೈಯಗಲದ ಸುದ್ದಿ ಬಂತು. ಹೊರದೇಶದಲ್ಲಿ ಪೆಪ್ಟೈಡ್ ಅಂತ ಏನನ್ನೋ ಇಲಿಗಳಿಗೆ ಚುಚ್ಚಿದ್ದಾರೆ, ಇಲಿಗಳ ಕೊಬ್ಬು ಕರಗಿದೆ, ಮನುಷ್ಯರಿಗೆ ಆಗುತ್ತದೋ ಇಲ್ಲವೋ ಇನ್ನೂ ನೋಡಬೇಕು, ಇಷ್ಟೇ. ಕೊನೆಯ ಮಾತನ್ನು ನಮ್ಮ ಸೀಮೆಯಲ್ಲಿ ಓದಿದವನು ನಾನೊಬ್ಬನೇ ಅಂತ ಕಾಣುತ್ತದೆ.

ಸೋಮವಾರ ಶಟರ್ ಅರ್ಧ ಎತ್ತಿದ್ದೆ. ಅದರ ಕೆಳಗೆ ಬಗ್ಗಿ ಒಬ್ಬರು ಒಳಗೆ ಬಂದರು. ತೆಲಿಗಿ ಕಡೆಯವರು, ಮೊದಲನೇ ಬಸ್ಸಿಗೇ ಹೊರಟು ಬಂದಿದ್ದರು. ಜೇಬಿನಿಂದ ಪೇಪರಿನ ತುಂಡು ತೆಗೆದು ಕೌಂಟರ್ ಮೇಲೆ ಇಟ್ಟರು.

"ಇದನ್ನ ಕೊಡ್ರಿ, ನಮ್ಮ ಮನ್ಯಾಗಿನೋರಿಗೆ."

"ಇದು ಇನ್ನೂ ಬಂದಿಲ್ರಿ."

"ಬಂದೈತಿ ಅಂತ ಪೇಪರಿನ್ಯಾಗೇ ಹಾಕ್ಯಾರಲ್ರಿ."

ನಾನು ಸಮಾಧಾನದಿಂದಲೇ ಹೇಳಿದೆ. ಪ್ರೋಟೀನು ಅಂದರೆ ಒಂದು ಉದ್ದನೆಯ ಸರ ಅಂತ ತಿಳಿಯಿರಿ, ಈ ಪೆಪ್ಟೈಡು ಅದರಲ್ಲಿನ ನಾಲ್ಕಾರು ಮಣಿ. ಮೈಯೊಳಗೆ ಹೋಗಿ ಕೊಬ್ಬು ಕರಗಿಸು ಅಂತ ಹೇಳುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡುತ್ತಿದ್ದಾರೆ. ಸದ್ಯಕ್ಕೆ ಇಲಿಗಳಿಗೆ ಮಾತ್ರ ಕೊಟ್ಟಿದ್ದಾರೆ. ಅವರು ಎಲ್ಲಾ ಕೇಳಿದರು. ನನ್ನ ಅಂಗಡಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಪೇಪರಿನ ತುಂಡು ಮಡಚಿ ಮತ್ತೆ ಜೇಬಿಗೆ ಇಟ್ಟರು.

"ಅಲ್ರೀ, ಇಲಿಗೆ ಸಿಕ್ಕಿರೋ ಔಷಧ ನಿಮಗಿನ್ನೂ ಸಿಕ್ಕಿಲ್ಲ ಅಂದ್ರ ಯಾತಕ್ಕ ಅಂಗಡಿ ಇಟ್ಟೀರಿ?"

೨. ಗೊತ್ತಿರುವುದು ಬೇಡ

ಆ ವಾರವೇ ಒಬ್ಬ ಟೀಚರಮ್ಮ ಬಂದರು. ಊರು ಹಡಗಲಿ, ನೌಕರಿ ನಮ್ಮ ಕೊಟ್ಟೂರಲ್ಲಿ. ಸ್ವಲ್ಪ ದಪ್ಪ, ಬಹಳ ಬುದ್ಧಿವಂತೆ. ಇವರಾದರೂ ಅರ್ಥ ಮಾಡಿಕೊಂಡಾರು ಅಂತ ನನಗೆ ಆಸೆ ಹುಟ್ಟಿತು.

"ಮೇಡಂ, ಅಂಥಾದ್ದೊಂದು ಔಷಧ ಇದ್ದಿದ್ರ ನಾನ್ಯಾಕ ಹಿಂಗ ಇರ್ತಿದ್ದೆ?" ಅಂತ ನನ್ನ ಹೊಟ್ಟೆ ತಟ್ಟಿ ತೋರಿಸಿದೆ. ಕೂತು ಕೂತು ಬಂದ ಹೊಟ್ಟೆ ಅದು, ಕೌಂಟರಿಗೆ ತಾಗುತ್ತದೆ.

"ನಿಮ್ದು ಬಿಡ್ರಿ. ಮಿಠಾಯಿ ಅಂಗಡಿಯೋನು ಮಿಠಾಯಿ ತಿಂತಾನೇನು?"

ಸೋತು ಕೂತು, ನನಗೆ ತಿಳಿದದ್ದನ್ನೆಲ್ಲಾ ಒಂದೊಂದಾಗಿ ಹೇಳಿದೆ. ಬೆಳಿಗ್ಗೆ ಒಂದು ತಾಸು ನಡೆಯಿರಿ, ಚಹಾಕ್ಕೆ ಸಕ್ಕರೆ ಬಿಡಿ, ಮಿರ್ಚಿ ಮಂಡಕ್ಕಿಯಲ್ಲಿ ಮಿರ್ಚಿ ಬಿಟ್ಟು ಮಂಡಕ್ಕಿ ತಿನ್ನಿ, ರಾತ್ರಿ ಊಟ ಬೇಗ ಮುಗಿಸಿ. ಅವರು ಪಾಠ ಒಪ್ಪಿಸುವ ಹುಡುಗನ ಮಾತು ಕೇಳುವಂತೆ ತಲೆಯಾಡಿಸುತ್ತಾ ಪೂರ್ತಿ ಕೇಳಿದರು.

"ಇವೆಲ್ಲಾ ಮಕ್ಕಳಿಗೆ ನಾನೇ ಹೇಳಿಕೊಡ್ತೀನ್ರಿ. ಇದು ಬಿಟ್ಟು ಏನಾರ ಐತೇನು ಅಂತ ಕೇಳಾಕ ಬಂದೀನಿ."

೩. ಉಪವಾಸದ ತೂಕ

ಇವರೆಲ್ಲಾ ಬಂದರು, ಬೈದರು, ಹೋದರು. ಹೋಗದೇ ಉಳಿದವರು ಶೇಂಗಾ ಸಾಹುಕಾರರು. ಮಾರ್ಕೆಟಿನಲ್ಲಿ ಅವರದು ದೊಡ್ಡ ಗೋಡೌನು, ನನಗೆ ಹಳೇ ಗೆಳೆಯರು. ಅವರ ಹೆಂಡತಿಯನ್ನು ನಾನು ಅಕ್ಕಾರು ಅಂತಲೇ ಕರೆಯುವುದು.

ಸಾಹುಕಾರರದು ಮಾತ್ರ ಹುಡುಗಾಟದ ವಿಷಯ ಆಗಿರಲಿಲ್ಲ. ಅವರಿಗೆ ಹೊಕ್ಕಳ ಹತ್ತಿರ ಹರ್ನಿಯಾ, ಲಿಂಬೆಹಣ್ಣಿನ ಗಾತ್ರ ಹೋಗಿ ಮೂಸಂಬಿ ಗಾತ್ರ ಆಗಿತ್ತು. ದಾವಣಗೆರೆಯ ಡಾಕ್ಟರು ಖಡಕ್ಕಾಗಿ ಹೇಳಿ ಕಳಿಸಿದ್ದರು: "ನೂರಾ ಹನ್ನೆರಡು ಕಿಲೋ ಇದ್ದೀರಿ. ಹತ್ತು ಕಿಲೋ ಇಳಿಸಿ ಬನ್ನಿ, ಆಪರೇಷನ್ ಮಾಡ್ತೀನಿ. ಈಗ ಮಾಡಿದರೆ ಹೊಲಿಗೆ ನಿಲ್ಲೋದಿಲ್ಲ. ತಡ ಮಾಡಿ ಕರುಳು ಸಿಕ್ಕಿಹಾಕಿಕೊಂಡರೆ ಮಾತ್ರ ನನ್ನ ಕೈಯಲ್ಲಿಲ್ಲ." ಅವತ್ತಿನಿಂದ ಅಕ್ಕಾರು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ನನಗೂ ಹೆದರಿಕೆ ಹತ್ತಿತ್ತು. ಸಾಹುಕಾರರಿಗೆ ಎಲ್ಲರಿಗಿಂತ ಹೆಚ್ಚು ಹೆದರಿಕೆ. ಹೆದರಿದಾಗ ಅವರಿಗೆ ಹಸಿವಾಗುತ್ತದೆ.

"ರೊಟ್ಟಿ ಕಮ್ಮಿ ಮಾಡೀರಾ?" ಅಂತ ಕೇಳಿದೆ.

"ಹ್ಞೂಂ, ಎರಡು ಬಿಟ್ಟೀನಿ."

"ಎಷ್ಟರಾಗ?"

"ಎಂಟರಾಗ," ಅಂದರು, ಎಲ್ಲೋ ನೋಡುತ್ತಾ.

ಅದರ ಮೇಲೆ ಸೋಮವಾರ, ಗುರುವಾರ ಎರಡು ದಿನ ಉಪವಾಸ ಹಿಡಿದರು. ನನಗೂ ಖುಷಿಯಾಯಿತು. ಎರಡು ವಾರ ಬಿಟ್ಟು ಅಂಗಡಿಗೆ ಬಂದು, "ಅರ್ಧ ಕಿಲೋ ಇಳಿದೀನಿ" ಅಂದರು. ಎಲ್ಲಿ ತೂಗಿಸಿದಿರಿ ಅಂದರೆ, ಮಾರ್ಕೆಟಿನಲ್ಲಿ ಚೀಲ ತೂಗುವ ಕಾಟಾದ ಮೇಲೆ. ನನಗೆ ಸಂಶಯ ಬಂದು ತೂಕ ಮಾಡುವವನನ್ನೇ ವಿಚಾರಿಸಿದೆ. ಪಾಪ, ಅವನ ತಪ್ಪಿಲ್ಲ. ಇಪ್ಪತ್ತು ವರ್ಷದ ರೂಢಿ, ಕಾಟಾದ ಮೇಲೆ ಏನು ಬಂದರೂ ಖಾಲಿ ಚೀಲದ ತೂಕ ಅಂತ ಒಂದು ಕಿಲೋ ಕಳೆದೇ ಹೇಳುತ್ತಾನೆ. ನನ್ನ ಅಂಗಡಿಯ ಮಶೀನಿನ ಮೇಲೆ ನಿಲ್ಲಿಸಿದೆ. ನೂರಾ ಹನ್ನೆರಡೂವರೆ ತೋರಿಸಿತು.

ಅಕ್ಕಾರನ್ನು ಕೇಳಿದರೆ ಉಪವಾಸದ ಪಟ್ಟಿ ಹೇಳಿದರು. ಬೆಳಿಗ್ಗೆ ಸಾಬುದಾಣಿ ಖಿಚಡಿ, ಹನ್ನೊಂದಕ್ಕೆ ಅರ್ಧ ಡಜನ್ ಬಾಳೆಹಣ್ಣು, ಮಧ್ಯಾಹ್ನ ಅವಲಕ್ಕಿ, ಸಂಜೆ ಶೇಂಗಾ ಉಂಡಿ, ಮಲಗುವಾಗ ಕೆನೆ ಹಾಲು.

"ನೀವಾರ ಹೇಳ್ರಿ ಅಣ್ಣಾರೆ," ಅಂದರು ಅಕ್ಕಾರು. "ಊಟ ಮಾಡಿದ್ರ ಹೆಂಗೋ ತಡ್ಕಂತೀನಿ. ಇವರು ಇನ್ನೊಂದು ತಿಂಗಳು ಉಪವಾಸ ಮಾಡಿದ್ರ ಬಾಗಲ ಒಡೆಸಿ ದೊಡ್ಡದು ಮಾಡಸಬೇಕಾಕ್ಕೈತಿ."

೪. ಸ್ಯಾಂಪಲ್ಲು

ಇಂಥ ಹೊತ್ತಿಗೇ ನೋಡಿ ಟೈ ಕಟ್ಟಿದವನು ಬರುವುದು. ಕೊಟ್ಟೂರಿನ ಬಿಸಿಲಿನಲ್ಲಿ ಟೈ ಕಟ್ಟಿಕೊಂಡು ತಿರುಗುವವನನ್ನು ನಂಬಬಾರದು ಅಂತ ನಾನು ಎಷ್ಟು ಸಲ ಹೇಳಿದ್ದೇನೋ. ಯಾವ ಊರವನೋ ಏನೋ, ಕೂಡ್ಲಿಗಿಯಲ್ಲಿ ಒಂದು ದಿನ, ಹಗರಿಬೊಮ್ಮನಹಳ್ಳಿಯಲ್ಲಿ ಒಂದು ದಿನ ಔಷಧ ಮಾರಿ ನಮ್ಮ ಮಾರ್ಕೆಟಿಗೆ ಇಳಿದಿದ್ದ. ಹೋಗುವಾಗ ಸಾಹುಕಾರರ ಕೈಯಲ್ಲಿ ಒಂದು ಡಬ್ಬಿ ಇಟ್ಟು ಹೋದ.

ಸಾಹುಕಾರರು ಅದನ್ನು ಒದ್ದೆ ಟವೆಲಿನಲ್ಲಿ ಸುತ್ತಿ ಹಸುಗೂಸಿನಂತೆ ಎತ್ತಿಕೊಂಡು ಅಂಗಡಿಗೆ ಬಂದರು. ಒಳಗೆ ಆರು ಸಣ್ಣ ಬಾಟಲಿ, ತಳದಲ್ಲಿ ಚಿಟಿಕೆ ಬಿಳಿ ಪುಡಿ, ಜೊತೆಗೆ ಕಲಸಲಿಕ್ಕೆ ನೀರು.

"ಪೇಪರಿನ್ಯಾಗ ಬಂದಿತ್ತಲ್ಲ, ಅದ ಇದು. ತಂಪಿನ್ಯಾಗ ಇಡಬೇಕಂತ. ನಮ್ಮ ಮನ್ಯಾಗ ಕರೆಂಟು ನಿಲ್ಲಂಗಿಲ್ಲ. ನಿಮ್ಮ ಫ್ರಿಜ್ಜಿನ್ಯಾಗ ಇಟ್ಕಳ್ರಿ."

ಕನ್ನಡಕ ಹಾಕಿಕೊಂಡು ಚೀಟಿ ಓದಿದೆ. ತಯಾರಿಸಿದವರ ಹೆಸರಿಲ್ಲ, ಊರಿಲ್ಲ. ಇದ್ದದ್ದು ಇಂಗ್ಲಿಷಿನ ಒಂದೇ ಸಾಲು: ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಕೊಡತಕ್ಕದ್ದಲ್ಲ. ಅದನ್ನು ಓದಿ ಅರ್ಥ ಹೇಳಿದೆ. ಒಳಗೆ ಏನಿದೆಯೋ ದೇವರಿಗೇ ಗೊತ್ತು, ಹಿಟ್ಟಿರಬಹುದು, ವಿಷ ಇರಬಹುದು, ನಿಮಗೆ ಸಕ್ಕರೆ ಕಾಯಿಲೆ ಬೇರೆ, ಚುಚ್ಚಿಸಿಕೊಂಡು ಹೆಚ್ಚುಕಡಿಮೆಯಾದರೆ ಅಕ್ಕಾರಿಗೆ ಯಾರು ಉತ್ತರ ಹೇಳಬೇಕು ಅಂತ ಕೂಗಾಡಿದೆ. ನಾನು ಕೂಗಾಡುವವನಲ್ಲ. ಅವತ್ತು ಕೂಗಾಡಿದೆ.

ಸಾಹುಕಾರರು ತಣ್ಣಗೆ, "ಹತ್ತು ಕಿಲೋ ನನ್ನ ಕೈಲೆ ಇಳಸಾಕ ಆಗಂಗಿಲ್ಲೋ ಮಾರಾಯಾ, ನೋಡಿಯಲ್ಲ ನೀನು. ಹಿಂಗ ಕುಂತ್ರ ಒಂದಿನ ಕರುಳು ಸಿಕ್ಕಂಡು ಸಾಯ್ತೀನಿ," ಅಂದರು. ಕಣ್ಣು ತುಂಬಿದ್ದವು. ನಾನು ಹತ್ತಿರದ ಗೆಳೆಯ ಅಂತ ಅವರಿಗೆ ನೆನಪಾಗುವುದು ಇಂಥ ವೇಳೆಯಲ್ಲಿ, ಆಗ ಏಕವಚನ ಬರುತ್ತದೆ.

ಸುಸ್ತಾಗಿತ್ತು ನನಗೆ. ಬೆಳಗಿನಿಂದ ಹನ್ನೊಂದು ಜನ ಇದೇ ಇಂಜೆಕ್ಷನ್ ಕೇಳಿ ಹೋಗಿದ್ದರು. ಸಿಟ್ಟಿನ ಭರಕ್ಕೆ ಬಾಯಿ ತಪ್ಪಿ ಒಂದು ಮಾತು ಬಂತು: "ಹಂಗಾರ ಮೊದಲು ಇಲಿಗೆ ಹಾಕಿ ನೋಡ್ರಿ, ಹೋಗ್ರಿ!"

ಸಾಹುಕಾರರು ಡಬ್ಬಿಯತ್ತ ನೋಡಿದರು. ನಲವತ್ತು ವರ್ಷದ ವ್ಯಾಪಾರದಲ್ಲಿ ಚೀಲ ಬಿಚ್ಚಿ, ಒಂದು ಹಿಡಿ ತೆಗೆದು, ಸುಲಿದು, ಬಾಯಿಗೆ ಹಾಕಿಕೊಂಡು ನೋಡದೆ ರೇಟು ಹೇಳಿದವರಲ್ಲ ಅವರು. ಮುಖದ ಮೇಲೆ ನಿಧಾನಕ್ಕೆ ಕಳೆ ಬಂತು.

"ಖರೆ ಹೇಳಿದ್ರಿ. ಸ್ಯಾಂಪಲ್ ನೋಡದ ನಾ ಯಾವ ಮಾಲೂ ಮುಟ್ಟಿಲ್ಲ. ಇಲಿಗೇನು, ನಮ್ಮ ಗೋಡೌನಿನ್ಯಾಗ ಬೇಕಾದಷ್ಟು ಅದಾವು. ಪುಕ್ಕಟೆ ಬೆಳದಾವು, ಒಂದಾರ ಉಪಯೋಗಕ್ಕ ಬರ್ಲಿ."

೫. ಪತ್ತಾರರ ತಕ್ಕಡಿ

ಮರುದಿನವೇ ಬೋನಿಗೆ ಒಂದು ಇಲಿ ಬಿತ್ತು. ಶೇಂಗಾ ತಿಂದು ತಿಂದು ಮಿರಿಮಿರಿ ಮಿಂಚುತ್ತಿತ್ತು. ಅದನ್ನು ಅಗಲವಾದ ಪಂಜರಕ್ಕೆ ಹಾಕಿ, ಕೆಳಗೆ ಹರಕು ಗೋಣಿ ಹಾಸಿ, ಸಾಹುಕಾರರ ಪಡಸಾಲೆಯಲ್ಲಿ ಇಟ್ಟರು.

ಚುಚ್ಚುವವರು ಯಾರು? ದನದ ದವಾಖಾನೆಯ ಕಂಪೌಂಡರ್ ಬಂದರು. ಧೈರ್ಯಸ್ಥರು, ಆದರೆ ತಂದ ಸೂಜಿ ನೋಡಿದರೆ ಇಲಿಗಿಂತ ಉದ್ದ. ನಾನೇ ತಲೆ ಚಚ್ಚಿಕೊಂಡು ಇನ್ಸುಲಿನ್ ಸೂಜಿ ಕೊಟ್ಟೆ. ಕಂಪೌಂಡರು ಇಲಿಯನ್ನು ಆ ಕಡೆಯಿಂದ, ಈ ಕಡೆಯಿಂದ ನೋಡಿದರು.

"ಎಮ್ಮಿ, ಎತ್ತು, ಕೋಣ ಎಲ್ಲಾ ಮಾಡೀನ್ರಿ. ಇದಕ್ಕ ಹಿಂದ ಒದಿಯೋದು ಯಾವ ಕಾಲು ಅಂತ ಗೊತ್ತಿಲ್ಲ, ಅದ ಹೆದರಿಕಿ."

ತೂಕದ್ದು ಇನ್ನೊಂದು ರಗಳೆ. ಚೀಲದ ಕಾಟಾ ಇಲಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಗ್ರಾಮಿನಲ್ಲಿ ತೂಗುವುದು ಊರಲ್ಲಿ ಪತ್ತಾರರ ಅಂಗಡಿಯಲ್ಲಿ ಮಾತ್ರ. ಬಂಗಾರದ ಕೆಲಸ ಮಾಡುವ ಪತ್ತಾರರು ಮೊದಲು ಕೈ ಮುಗಿದು, "ಲಕ್ಷ್ಮಿ ಕೂಡೋ ತಕ್ಕಡಿ ಇದು, ಬ್ಯಾಡ್ರಿ ಸಾಹುಕಾರ್ರ" ಅಂದರು. ಸಾಹುಕಾರರು, "ಗಣಪತಿನ್ನ ಹೊರೋದು ಇದು, ಏನಾಕ್ಕೈತಿ?" ಅಂದರು. ಪತ್ತಾರರು ಒಂದು ಸಲ ಗಣಪತಿಗೂ ಕೈ ಮುಗಿದರು. ತೂತು ಹೊಡೆದ ತಗಡಿನ ಡಬ್ಬಿಯಲ್ಲಿ ಇಲಿಯನ್ನು ಹಾಕಿ, ಡಬ್ಬಿಯ ತೂಕ ಕಳೆದು, ಕಣ್ಣು ಕಿರಿದು ಮಾಡಿ ನೋಡಿದರು.

"ಇನ್ನೂರಾ ಐವತ್ತೆಂಟು ಗ್ರಾಂ," ಅಂದು, ರೂಢಿಬಲದಿಂದ ಕೇಳಿದರು, "ವೇಸ್ಟೇಜ್ ಎಷ್ಟು ಹಿಡೀಲಿ?"

ದಿನ ಬಿಟ್ಟು ದಿನ ಇಂಜೆಕ್ಷನ್, ದಿನಾ ಬೆಳಿಗ್ಗೆ ತೂಕ. ಡಬ್ಬಿ ಮಾತ್ರ ನನ್ನ ಫ್ರಿಜ್ಜಿನಲ್ಲೇ ಇತ್ತು. ಇಲಿಯನ್ನು ಡಬ್ಬಿಯಲ್ಲಿ ಹಿಡಿದು ಸಾಹುಕಾರರು ಪತ್ತಾರರ ಅಂಗಡಿಗೆ ಹೋಗುವುದನ್ನು ನೋಡಲಿಕ್ಕೆ ಬಜಾರದ ಮಂದಿ ಚಹಾ ತರಿಸಿಕೊಂಡು ಕಾಯುತ್ತಿದ್ದರು. ಇಲಿ ಇಳಿಯಲಿಲ್ಲ, ಏರಿತು. ವಾರ ಕಳೆಯುವುದರೊಳಗೆ ಮುನ್ನೂರು ದಾಟಿತು. ನನಗಂತೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

"ನೋಡಿದ್ರಾ? ಸುಳ್ಳು ಮಾಲು. ನಡ್ರಿ, ಆ ಡಬ್ಬಿ ಕಸಕ್ಕ ಹಾಕೋಣು," ಅಂದೆ.

"ಔಷಧದ್ದೇನು ತಪ್ಪು? ಆ ಇಲಿ ದಿನಾ ರಾತ್ರಿ ಬೆಳತನಕ ಶೇಂಗಾ ತಿಂತೈತ್ರಿ. ಹಿಂಗ ತಿಂದ್ರ ಯಾವ ಔಷಧ ಏನು ಮಾಡೀತು?" ಅಂದರು ಸಾಹುಕಾರರು.

ಅವರ ಕೈಯನ್ನೇ ನೋಡುತ್ತಾ ನಿಂತೆ. ಅವರೂ ನೋಡಿಕೊಂಡರು. ಅಂಗೈಯಲ್ಲಿ ಅರ್ಧ ಸುಲಿದ ಶೇಂಗಾ ಇತ್ತು.

"ಇದು ಸ್ಯಾಂಪಲ್ಲು," ಅಂದು ಬಾಯಿಗೆ ಹಾಕಿಕೊಂಡರು.

೬. ಎಪ್ಪತ್ತು ಗ್ರಾಂ

ಹತ್ತನೇ ದಿನ ಬೆಳಿಗ್ಗೆ ಪತ್ತಾರರು ಚಪ್ಪಲಿ ಇಲ್ಲದೆ ನನ್ನ ಅಂಗಡಿಗೆ ಓಡಿ ಬಂದರು. "ಇಳೀತ್ರಿ! ಒಂದು ರಾತ್ರ್ಯಾಗ ಎಪ್ಪತ್ತು ಗ್ರಾಂ ಇಳೀತು! ಮೂರು ಸಲ ತೂಗೀನಿ, ನನ್ನ ತಕ್ಕಡಿ ಸುಳ್ಳು ಹೇಳಂಗಿಲ್ಲ."

ಅವರ ಹಿಂದೆಯೇ ಸಾಹುಕಾರರು. ಅಷ್ಟು ಜೋರಾಗಿ ನಡೆದದ್ದನ್ನು ನಾನು ನೋಡಿಯೇ ಇರಲಿಲ್ಲ. ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದರು. "ಫ್ರಿಜ್ ತಗೀರಿ," ಅಂದರು. ತೆಗೆಯುವುದಿಲ್ಲ ಅಂದೆ. "ನನ್ನ ಮಾಲು ಅದು. ಇಲಿಗೆ ಹಾಕಿ ನೋಡು ಅಂದೋರು ಯಾರು? ನೀವ ಅಲ್ಲೇನು?" ಅಂತ ಕೇಳಿದರು. ಹೌದು, ನಾನೇ. ಅಷ್ಟರಲ್ಲಿ ಅವರೇ ಕೌಂಟರ್ ದಾಟಿ, ಫ್ರಿಜ್ಜು ತೆಗೆದು, ಡಬ್ಬಿ ಎತ್ತಿಕೊಂಡು ನಡೆದೇಬಿಟ್ಟರು.

ನಡು ಬೆಳಿಗ್ಗೆ ಶಟರ್ ಎಳೆದದ್ದು ಇಪ್ಪತ್ತೆರಡು ವರ್ಷದಲ್ಲಿ ಅದೊಂದೇ ಸಲ. ಕೌಂಟರಿಗೆ ತಾಗುವ ಹೊಟ್ಟೆ ಹೊತ್ತು ಓಡಿದೆ. ಆ ಬಾಟಲಿಯಲ್ಲಿ ಇರುವುದು ಏನು ಅಂತ ಯಾರಿಗೂ ಗೊತ್ತಿಲ್ಲ, ನಾನಾಡಿದ ಒಂದು ಮಾತಿನಿಂದ ಅದು ಈಗ ಗೆಳೆಯನ ಮೈಗೆ ಹೋಗುತ್ತದೆ. ದೇವರೇ, ಇದೊಂದು ತಪ್ಪಿಸು, ಇನ್ನು ಮೇಲೆ ಗಿರಾಕಿಗಳ ಮೇಲೆ ರೇಗುವುದಿಲ್ಲ ಅಂತ ಹರಕೆ ಹೊತ್ತೆ.

ಪಡಸಾಲೆಗೆ ಕಾಲಿಟ್ಟಾಗ ಸಾಹುಕಾರರು ಅಂಗಿ ಎತ್ತಿ ಕುರ್ಚಿಯಲ್ಲಿ ಕೂತಿದ್ದರು. ದನದ ದವಾಖಾನೆಯ ಕಂಪೌಂಡರು ಸೂಜಿಗೆ ಔಷಧ ಎಳೆದು, ಸ್ಪಿರಿಟ್ ಹಚ್ಚಿದ ಅರಳೆ ಹಿಡಿದು ನಿಂತಿದ್ದರು.

"ನಿಲ್ರೀ!" ಅಂತ ಕೂಗಿದೆ. ಆಮೇಲೆ ಏದುಸಿರಿಗೆ ಮಾತೇ ಹೊರಡಲಿಲ್ಲ.

"ಹೆದರಬ್ಯಾಡ್ರಿ," ಅಂದರು ಕಂಪೌಂಡರು. "ಸಾಹುಕಾರ್ರಿಗೆ ಕೊಂಬಿಲ್ಲ, ಸಲೀಸು."

ಅಷ್ಟರಲ್ಲಿ ಮೂಲೆಯಿಂದ ಅಕ್ಕಾರು "ಅಯ್ಯಯ್ಯೋ ಶಿವನೇ!" ಅಂತ ಚೀರಿದರು. ಪಂಜರದ ಗೋಣಿ ವಾಸನೆ ಬರುತ್ತದೆ ಅಂತ ಬದಲಿಸಲಿಕ್ಕೆ ಹೋಗಿದ್ದರು. ಎಲ್ಲರೂ ತಿರುಗಿ ನೋಡಿದೆವು. ಹರಕು ಗೋಣಿಯ ಮಡಿಕೆಯೊಳಗೆ ಕಣ್ಣು ಬಿಡದ ಕೆಂಪು ಮರಿಗಳು, ಒಂದರ ಮೇಲೊಂದು ಹೊರಳಾಡುತ್ತಿದ್ದವು. ಎಣಿಸಿದರೆ ಒಂಬತ್ತು. ಪಕ್ಕದಲ್ಲಿ ತಾಯಿ ಇಲಿ ನಿರುಮ್ಮಳವಾಗಿ ಶೇಂಗಾ ಕಡಿಯುತ್ತಿತ್ತು.

ಸಾಹುಕಾರರು ಕಂಪೌಂಡರ ಮುಖ ನೋಡಿದರು.

"ಎಮ್ಮಿ ಗಬ್ಬ ಆಗಿದ್ರ ದೂರದಿಂದ ಹೇಳ್ತೀನ್ರಿ," ಅಂದರು ಕಂಪೌಂಡರು, ಸೂಜಿಯನ್ನು ಮೆಲ್ಲಗೆ ಕೆಳಗಿಟ್ಟು. "ಇಲಿದು ನನಗ ಟ್ರೇನಿಂಗ್ ಆಗಿಲ್ಲ."

ಸಾಹುಕಾರರು ಇನ್ನೂ ಅಂಗಿ ಇಳಿಸಿರಲಿಲ್ಲ. "ಮರಿ ಹಾಕಿದ್ದು ಬ್ಯಾರೆ, ಕೊಬ್ಬು ಕರಗಿದ್ದು ಬ್ಯಾರೆ ಇರಬೋದಲ್ಲ," ಅಂತ ಸಣ್ಣ ಧ್ವನಿಯಲ್ಲಿ ಒಂದು ಕೊನೆಯ ಪ್ರಯತ್ನ ಮಾಡಿದರು.

ಅಕ್ಕಾರು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರಿಗೆ ಬಂದು ನಿಂತರು. "ಹಾಕಿಸ್ಕಳ್ರಿ, ಯಾಕ ಬಿಡ್ತೀರಿ? ಆದ್ರ ಈಗ ಹೇಳಿಬಿಡ್ತೀನಿ. ಈ ವಯಸ್ಸಿನ್ಯಾಗ ನಿಮ್ಮ ಬಾಣಂತನ ಮಾಡಾಕ ನನ್ನ ಕೈಲೆ ಆಗಂಗಿಲ್ಲ."

ಮೊದಲು ನಕ್ಕವರು ಸಾಹುಕಾರರೇ. ನಗಬಾರದು ಅಂತ ಡಾಕ್ಟರು ಹೇಳಿದ್ದರಿಂದ ಎರಡೂ ಕೈಯಿಂದ ಹರ್ನಿಯಾ ಒತ್ತಿ ಹಿಡಿದು, ಅಯ್ಯೋ ಅಯ್ಯೋ ಅನ್ನುತ್ತಾ ನಕ್ಕರು. ನಕ್ಕು ಮುಗಿದ ಮೇಲೆ ಡಬ್ಬಿಯನ್ನು ಕಾಲಿನಿಂದ ನನ್ನ ಕಡೆ ಸರಿಸಿದರು. ಅದನ್ನು ಅವತ್ತೇ ನಾಶ ಮಾಡಿದೆ.

ಅವತ್ತಿನಿಂದ ಅಡುಗೆಮನೆಯ ಬೀಗದ ಕೈ ಅಕ್ಕಾರ ಸೊಂಟಕ್ಕೆ ಹೋಯಿತು. ಮೂರು ರೊಟ್ಟಿ ಅಂದರೆ ಮೂರೇ. ಉಪವಾಸ ಬಂದ್. ದಿನಾ ಬೆಳಿಗ್ಗೆ ರೈಲ್ವೆ ಸ್ಟೇಷನ್ನಿನ ತನಕ ನಡಿಗೆ, ಜೊತೆಗೆ ಕಾವಲಿಗೆ ನಾನು. ಆರು ತಿಂಗಳು ಹಿಡಿಯಿತು. ನೂರಾ ಒಂದೂವರೆ ಕಿಲೋಕ್ಕೆ ಬಂದ ದಿನ ಮೂವರೂ ದಾವಣಗೆರೆಗೆ ಹೋದೆವು.

ಡಾಕ್ಟರು ತೂಕ ನೋಡಿ ಬಹಳ ಸಂತೋಷಪಟ್ಟರು. ಆಪರೇಷನ್ನಿನ ತಾರೀಖು ಬರೆಯಲಿಕ್ಕೆ ಪೆನ್ನು ತೆಗೆದು, "ಭೇಷ್! ನಿಮ್ಮಿಂದ ಆಗಲ್ಲ ಅಂತ ನಾನು ಕೈಬಿಟ್ಟಿದ್ದೆ. ಯಾವ ಔಷಧ ತಗೊಂಡ್ರಿ?" ಅಂತ ಕೇಳಿದರು.

ನಾನು ಮೇಜಿನ ಕೆಳಗೆ ಸಾಹುಕಾರರ ಕಾಲು ತುಳಿದೆ. ಏನೂ ಉಪಯೋಗ ಆಗಲಿಲ್ಲ. ಅವರು ಸತ್ಯವಂತರು.

"ಔಷಧ ಏನೂ ಇಲ್ರಿ ಡಾಕ್ಟ್ರೇ. ನಮ್ಮ ಮನ್ಯಾಗ ಇಲಿ ಹಡೀತು. ಅದಾದ ಮ್ಯಾಲೆ ನನ್ನ ತೂಕ ಇಳೀತು."

ಡಾಕ್ಟರು ಅವರನ್ನು ನೋಡಿದರು, ಅಕ್ಕಾರನ್ನು ನೋಡಿದರು, ನನ್ನನ್ನೂ ನೋಡಿದರು. ನಾನು ಹೌದು ಅಂತ ತಲೆಯಾಡಿಸಿದೆ, ಮತ್ತೇನು ಮಾಡಲಿ, ನಡೆದದ್ದು ಅದೇ. ಅವರು ತಾರೀಖು ಬರೆಯುವುದು ನಿಲ್ಲಿಸಿ ಇನ್ನೊಂದು ಚೀಟಿ ತೆಗೆದರು.

"ಹೊಟ್ಟೆ ತಯಾರಾಗಿದೆ," ಅಂದರು. "ಆಪರೇಷನ್ನಿಗೆ ಮೊದಲು ಮೂರೂ ಜನ ಮೇಲಿನ ಮಹಡಿಯಲ್ಲಿ ತಲೆ ಡಾಕ್ಟರಿಗೆ ಒಂದು ಸಲ ತೋರಿಸಿಕೊಂಡು ಬಂದುಬಿಡಿ."